ಒಂದೇ ಕಾಲಿಗೆ ಎರಡು ಪೆಡಲು

ನಮ್ಮ ಮನೆಗೆ ಕಾರು ಬಂದದ್ದು ಎತ್ತುಗಳ ಹಿಂದೆ. ಮಂಡಿ ಮೊಹಲ್ಲಾದಿಂದ ಒಂಟಿಕೊಪ್ಪಲಿನವರೆಗೆ ಬೆಲ್ಲದ ಗಾಡಿಯ ಜೋಡಿ ಎತ್ತುಗಳು ಅದನ್ನು ಹಗ್ಗದಲ್ಲಿ ಎಳೆದುಕೊಂಡು ಬಂದವು. ಸ್ಟಿಯರಿಂಗ್ ಹಿಡಿದು ಕೂತವಳು ನನ್ನ ಮಗಳು. ಆಗ ಅವಳಿಗೆ ಹದಿನಾರು. ಪಕ್ಕದಲ್ಲಿ ನಾನು, ಇಲಿ ತಿಂದು ತಂತಿ ಮಾತ್ರ ಉಳಿದಿದ್ದ ಸೀಟಿನ ಮೇಲೆ ಗೋಣಿಚೀಲ ಹಾಕಿಕೊಂಡು, ಮರದ ಕಾಲನ್ನು ಮುಂದಕ್ಕೆ ಚಾಚಿಕೊಂಡು ಕೂತಿದ್ದೆ. ದಾರಿಯುದ್ದಕ್ಕೂ ಜನ ಅಂಗಡಿಯಿಂದ ಹೊರಗೆ ಬಂದು ನೋಡಿದರು. ಒಬ್ಬ ಸೈಕಲ್ಲಿನವನು ಇಳಿದು, "ಪೆಟ್ರೋಲಿಗಿಂತ ಹುಲ್ಲೇ ಅಗ್ಗ ಬುಡಿ ಸಾರ್" ಅಂದ. ಮಗಳು ನಗಲಿಲ್ಲ. ಎರಡು ಕೈಯಲ್ಲೂ ಚಕ್ರವನ್ನು ಬಿಗಿಯಾಗಿ ಹಿಡಿದು ಎತ್ತಿನ ಬಾಲವನ್ನೇ ನೋಡುತ್ತಿದ್ದಳು.

ಐವತ್ತರ ದಶಕ ಮುಗಿಯುತ್ತಾ ಬಂದಿತ್ತು. ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರಾಗಿದ್ದೆ. ಕೆಲವು ವರ್ಷ ಮುಂಚೆ, ಹೊರಟಿದ್ದ ಬಸ್ಸನ್ನು ಓಡಿ ಹತ್ತಲು ಹೋಗಿ ಜಾರಿ ಬಿದ್ದಿದ್ದೆ. ಹಿಂದಿನ ಚಕ್ರ ಎಡಗಾಲಿನ ಮೇಲೆ ಹರಿದು, ಮೊಣಕಾಲಿನ ಕೆಳಗಿನ ಭಾಗವನ್ನು ತೆಗೆಯಬೇಕಾಯಿತು. ಆಮೇಲೆ ಮರದ ಕಾಲು ಮಾಡಿಸಿದೆವು. ಚರ್ಮದ ಪಟ್ಟಿ ಬಿಗಿದು ಅದರಲ್ಲಿ ನಡೆಯುವುದನ್ನು ಕಲಿತೆ. ಕ್ಲಾಸಿನಲ್ಲಿ ನಿಂತು ಪಾಠ ಹೇಳುವುದಕ್ಕೆ ತೊಂದರೆಯಿರಲಿಲ್ಲ. ಆದರೆ ಮನೆಯಿಂದ ಸ್ಕೂಲಿಗೆ ಜಟಕಾ ಬೇಕು, ಜಟಕಾ ಹತ್ತಿಸುವುದಕ್ಕೆ ಒಬ್ಬರು ಬೇಕು, ಇಳಿಸುವುದಕ್ಕೆ ಇನ್ನೊಬ್ಬರು. ಮೊದಲು ಸೈಕಲ್ಲಿನಲ್ಲಿ ಊರೆಲ್ಲಾ ಸುತ್ತುತ್ತಿದ್ದವನು ನಾನು. ಸಂಜೆ ಮೇಲೆ ಎಲ್ಲಿಗೂ ಹೋಗದೆ ಮನೆಯಲ್ಲೇ ಉಳಿಯುವುದನ್ನು ಅಭ್ಯಾಸ ಮಾಡಿಕೊಂಡೆ. ಸ್ನೇಹಿತರು ಬರುವುದೂ ಕಡಿಮೆಯಾಯಿತು.

ಆ ವರ್ಷ ಮಗಳು ಎಸ್.ಎಸ್.ಎಲ್.ಸಿ.ಯಲ್ಲಿ ಫೇಲಾದಳು. ಅದೂ ಗಣಿತದಲ್ಲಿ. ಉಳಿದ ವಿಷಯಗಳಲ್ಲೆಲ್ಲಾ ಚೆನ್ನಾಗಿಯೇ ಮಾಡಿದ್ದಳು. ಊರಿನ ಮಕ್ಕಳಿಗೆಲ್ಲಾ ಲೆಕ್ಕ ಹೇಳಿಕೊಡುವ ಮೇಷ್ಟ್ರ ಮಗಳು ಲೆಕ್ಕದಲ್ಲೇ ಫೇಲು ಅನ್ನುವುದು ಬೀದಿಗೆಲ್ಲಾ ಗೊತ್ತಾಯಿತು. ನಾನು ಬೈಯಲಿಲ್ಲ. ದಿನಾ ಸಂಜೆ ಕೂರಿಸಿಕೊಂಡು ಮೊದಲಿನಿಂದ ಹೇಳಿಕೊಡಲು ಶುರುಮಾಡಿದೆ. ಅವಳು ಸ್ಲೇಟು ಹಿಡಿದು ಕೂರುತ್ತಿದ್ದಳು, ಕೇಳಿದರೆ ಉತ್ತರ ಕೊಡುತ್ತಿರಲಿಲ್ಲ. ಒಂದು ವಾರ ಆದ ಮೇಲೆ, "ಅಪ್ಪಾ, ನಿಮ್ಮ ಹತ್ರ ಮಾತ್ರ ಕಲಿಯಕ್ಕಾಗಲ್ಲ" ಅಂದಳು. ಅಲ್ಲಿಗೆ ಪಾಠ ನಿಂತಿತು. ಜೊತೆಗೆ ನಮ್ಮಿಬ್ಬರ ಮಾತೂ ಹೆಚ್ಚುಕಡಿಮೆ ನಿಂತುಹೋಯಿತು. ಊಟಕ್ಕೆ ಕರೆಯುವುದು, ಜಟಕಾ ಬಂತು ಅನ್ನುವುದು, ಇಷ್ಟೇ.

ಕಾರು ಮಂಡಿ ಮೊಹಲ್ಲಾದ ಬೆಲ್ಲದ ಸಾಹುಕಾರರದು. ಅವರ ಮಗನಿಗೆ ನಾನು ಮನೆಪಾಠ ಹೇಳುತ್ತಿದ್ದೆ. ಹಣೆ ತುಂಬಾ ವಿಭೂತಿ, ಮೆಲುಮಾತು, ತೀರಾ ಮರ್ಯಾದಸ್ಥರು. ಅವರ ಅಣ್ಣ ಯುದ್ಧಕ್ಕೆ ಮುಂಚೆ ತರಿಸಿದ ಇಂಗ್ಲೆಂಡಿನ ಪುಟ್ಟ ಕಾರು ಅದು. ಯುದ್ಧದ ಕಾಲದಲ್ಲಿ ಪೆಟ್ರೋಲು ಸಿಗದಾಗ ಅದರ ಹಿಂಭಾಗ ಕತ್ತರಿಸಿ ಇದ್ದಿಲು ಸುಟ್ಟು ಬರುವ ಗ್ಯಾಸಿನಲ್ಲಿ ಎಂಜಿನ್ ಓಡಿಸುವ ಡಬ್ಬ ಕೂರಿಸಿದ್ದರಂತೆ. ಅಣ್ಣ ತೀರಿಕೊಂಡ ಮೇಲೆ ಓಡಿಸುವವರಿಲ್ಲದೆ ಗೋದಾಮಿನ ಹಿಂದೆ ನಿಂತಿತ್ತು. ಪಕ್ಕದ ಮನೆಯವರ ಕೋಳಿಗಳು ಅದರೊಳಗೆ ಮೊಟ್ಟೆಯಿಡುತ್ತಿದ್ದವು. ಒಂದು ದಿನ ಪಾಠ ಮುಗಿಸಿ ಹೊರಟಾಗ ನಾನು ಅದರ ಬಾಗಿಲು ಹಿಡಿದು ನಿಂತು ನೋಡುತ್ತಿದ್ದೆ. ಸಾಹುಕಾರರು ಬಂದು, "ತಗೊಂಡೋಗಿ ಮೇಷ್ಟ್ರೇ. ನನಗೆ ಜಾಗ ಖಾಲಿಯಾದ್ರೆ ಸಾಕು. ಗುಜರಿಯವನಿಗೆ ಕೊಡಕ್ಕೆ ಮನಸ್ಸು ಬರಲ್ಲ, ಅಣ್ಣನ ಗಾಡಿ" ಅಂದರು. ನಾನು, "ಒಂಟಿ ಕಾಲಿನವನಿಗೆ ಕಾರು ಯಾತಕ್ಕೆ ಸ್ವಾಮಿ" ಅಂದೆ. ಅವರು, "ಮನೇಲಿ ಇರೋ ಮಿಕ್ಕ ಕಾಲುಗಳೆಲ್ಲಾ ಏನ್ಮಾಡ್ತಾ ಅವೆ?" ಅಂದರು.

ಮಾರನೆಯ ಭಾನುವಾರ ಎತ್ತು ಕಟ್ಟಿ ಕಳಿಸಿದರು. ಸ್ಟಿಯರಿಂಗ್ ಹಿಡಿಯುವುದಕ್ಕೆ ಯಾರಾದರೂ ಬೇಕಿತ್ತು. ನನ್ನನ್ನು ಜಟಕಾದಲ್ಲಿ ಕರೆದುಕೊಂಡು ಬಂದಿದ್ದ ಮಗಳು ಕೇಳದೆಯೇ ಹತ್ತಿ ಕೂತಳು.

ಹೆಂಡತಿ ಗೇಟಿನ ಹತ್ತಿರ ನಿಂತಿದ್ದಳು. ಎತ್ತಿನವನಿಗೆ ಕಾಫಿ ಕೊಟ್ಟು ಕಳಿಸಿದ ಮೇಲೆ, "ಚಕ್ರದಡಿ ಸಿಕ್ಕಿ ಕಾಲು ಹೋಯ್ತು. ಈಗ ಚಕ್ರಾನೇ ಮನೆಗೆ ತಂದ್ರಾ?" ಅಂದಳು. ಹಿತ್ತಲಿನಲ್ಲಿ ಮನೆ ಮಾಲೀಕರು ಹಸು ಕಟ್ಟುತ್ತಿದ್ದ ಕೊಟ್ಟಿಗೆ ಖಾಲಿಯಿತ್ತು. ಕಾರನ್ನು ಅದರೊಳಗೆ ತಳ್ಳಿದೆವು. ಹೆಂಡತಿ ಆ ಕಡೆ ಹೋಗುವುದನ್ನೇ ಬಿಟ್ಟಳು. ಒಗೆದ ಬಟ್ಟೆ ಒಣಗಿಸುವ ತಂತಿಯನ್ನೂ ಬಿಚ್ಚಿಸಿ ಮುಂಭಾಗಕ್ಕೆ ಕಟ್ಟಿಸಿದಳು.

ನನಗೆ ಎಂಜಿನ್ನಿನ ವಿಷಯ ಸ್ವಲ್ಪ ಗೊತ್ತಿತ್ತು. ಕಾಲೇಜಿನಲ್ಲಿದ್ದಾಗ ರಜೆಯಲ್ಲಿ ಒಂದು ಬಸ್ ಶೆಡ್ಡಿನಲ್ಲಿ ಕೆಲಸಕ್ಕೆ ಹೋಗುತ್ತಿದ್ದೆ. ಆದರೆ ಕಾರಿನ ಅರ್ಧ ಕೆಲಸ ಅದರ ಕೆಳಗೆ ಇರುತ್ತದೆ. ನಾನು ಮರದ ಕಾಲು ಬಿಚ್ಚಿಟ್ಟು ಮಲಗಿ ನುಗ್ಗಲು ನೋಡಿದೆ. ಒಳಗೆ ಹೋದೆ, ಹೊರಗೆ ಬರಲಾಗಲಿಲ್ಲ. ಮಗಳು ಭುಜ ಹಿಡಿದು ಎಳೆದಳು. ಎಳೆದು ಗೋಡೆಗೆ ಒರಗಿಸಿ ಕೂರಿಸಿ, "ಏನು ಬಿಚ್ಚಬೇಕು ಹೇಳಿ" ಅಂದಳು. ನನ್ನ ಹಳೆಯ ಪೈಜಾಮ, ಷರಟು ಹಾಕಿಕೊಂಡು ಬಂದು ಕಾರಿನಡಿ ಮಲಗಿದಳು. ಅವತ್ತಿನಿಂದ ಕೆಳಗಿನ ಕೆಲಸ ಅವಳದು, ಮೇಲಿನ ಕೆಲಸ ನನ್ನದು.

ಎಂಜಿನ್ ಬಿಗಿದುಕೊಂಡಿತ್ತು. ಮುಂಭಾಗದ ತೂತಿಗೆ ಹ್ಯಾಂಡಲು ಹಾಕಿ ತಿರುಗಿಸಿದರೆ ಕದಲಲಿಲ್ಲ. ಸ್ಪಾರ್ಕ್ ಪ್ಲಗ್ಗುಗಳನ್ನು ಬಿಚ್ಚಿ, ಆ ತೂತುಗಳಿಂದ ಸೀಮೆಎಣ್ಣೆ, ಹರಳೆಣ್ಣೆ ಬೆರೆಸಿ ಹುಯ್ದು ಬಿಟ್ಟೆವು. ದಿನಾ ಸ್ಕೂಲಿನಿಂದ ಬಂದು ಮತ್ತಷ್ಟು ಹುಯ್ಯುವುದು, ಕಾರನ್ನು ಗೇರಿಗೆ ಹಾಕಿ ಹಿಂದೆ ಮುಂದೆ ಅಲ್ಲಾಡಿಸುವುದು. ನಾನು ಸ್ಕೂಲಿಗೆ ಹೋದಾಗ ಮಗಳು ಒಬ್ಬಳೇ ಅಲ್ಲಾಡಿಸುತ್ತಿದ್ದಳಂತೆ. ಒಂದು ಸಂಜೆ ಜಟಕಾ ಇಳಿಯುವ ಮೊದಲೇ ಗೇಟಿನಿಂದ ಕೂಗಿದಳು: "ಅಪ್ಪಾ, ತಿರುಗ್ತು!" ಕೇಳಲೇಬೇಕಾದ್ದನ್ನು ಬಿಟ್ಟರೆ, ಅಷ್ಟು ದಿನಗಳಲ್ಲಿ ಅವಳು ತಾನಾಗಿ ನನ್ನ ಹತ್ತಿರ ಆಡಿದ ಮೊದಲನೆಯ ಮಾತು ಅದು.

ಆಮೇಲೆ ಬಿಚ್ಚುವ ಕೆಲಸ. ಬಿಚ್ಚಿದ್ದನ್ನೆಲ್ಲಾ ಹಳೆಯ ಹಿಂಡಾಲಿಯಂ ಪಾತ್ರೆಗಳಲ್ಲಿ ಇಟ್ಟು, ಯಾವುದು ಎಲ್ಲಿಯದು ಎಂದು ನೆನಪಿಟ್ಟುಕೊಳ್ಳುವುದು ಅವಳ ಕೆಲಸ. ನಾನು ಮರೆಯುತ್ತಿದ್ದೆ, ಅವಳು ಮರೆಯುತ್ತಿರಲಿಲ್ಲ. ಕಾರ್ಬ್ಯುರೇಟರಿನೊಳಗೆ ಜೇಡರ ಗೂಡು, ಪೆಟ್ರೋಲ್ ಟ್ಯಾಂಕಿನೊಳಗೆ ಅಂಟಿನಂಥ ಕಪ್ಪು ಗಸಿ. ರೇಡಿಯೇಟರು ಅಲ್ಲಲ್ಲಿ ಸೋರುತ್ತಿತ್ತು. ಅದಕ್ಕೆ ಅರಿಶಿನದ ಪುಡಿ ಕಲಸಿ ಹುಯ್ದರೆ ತೂತು ಮುಚ್ಚುತ್ತದೆ ಎಂದು ನನ್ನ ಬಸ್ ಶೆಡ್ಡಿನ ಕಾಲದಲ್ಲಿ ಕೇಳಿದ್ದೆ. ಮಗಳು ಅಡಿಗೆಮನೆಯಿಂದ ಅರಿಶಿನದ ಡಬ್ಬ ತಂದಳು. ಸೋರುವುದು ನಿಂತಿತು. ಆ ದಿನದ ಸಾರಿಗೆ ಅರಿಶಿನವಿಲ್ಲದೆ ಹೆಂಡತಿ ಪಕ್ಕದ ಮನೆಯಿಂದ ಕಡ ತಂದಳು. ಯಾತಕ್ಕೆ ಖಾಲಿಯಾಯಿತು ಎಂದು ಕೇಳಲಿಲ್ಲ.

ಗೇರ್ ಪೆಟ್ಟಿಗೆ ತೆರೆದಾಗ ಮಗಳು ಹಲ್ಲುಗಳನ್ನು ಎಣಿಸಿ, "ಈ ಚಕ್ರ ಒಂದು ಸುತ್ತು ಸುತ್ತೋದರೊಳಗೆ ಆ ಪುಟ್ಟದು ಮೂರು ಸುತ್ತು ಸುತ್ತುತ್ತೆ ಅಲ್ವಾ?" ಅಂದಳು. ನಾನು ಬಾಯಿ ತೆರೆದವನು ಮುಚ್ಚಿಕೊಂಡೆ. ಇದೇ ಕಣಮ್ಮ ಅನುಪಾತ ಅಂದರೆ, ಎಂದು ಹೇಳಿದ್ದರೆ ಅವಳು ಸ್ಪ್ಯಾನರು ಕೆಳಗಿಟ್ಟು ಎದ್ದು ಹೋಗುತ್ತಿದ್ದಳು.

ಮಳೆಗಾಲ ಶುರುವಾದ ಮೇಲೆ ಆದ ಒಂದು ಸಂಗತಿಯನ್ನು ಹೇಳಬೇಕು. ಹಿಂದಿನ ಚಕ್ರಗಳನ್ನು ಬಿಚ್ಚಿ, ಕಾರನ್ನು ಇಟ್ಟಿಗೆಗಳ ಮೇಲೆ ನಿಲ್ಲಿಸಿದ್ದೆವು. ಬಿಚ್ಚಿದ ಒಂದು ಚಕ್ರವನ್ನು ನಾನು ಕಾರಿನಡಿಗೆ ಮಲಗಿಸಿ ತಳ್ಳಿದ್ದೆ. ಯಾವುದೇ ಮುಂದಾಲೋಚನೆಯಿಂದಲ್ಲ, ಕೊಟ್ಟಿಗೆಯಲ್ಲಿ ಜಾಗವಿರಲಿಲ್ಲ. ಮಗಳು ಕೆಳಗೆ ಮಲಗಿ ಬ್ರೇಕಿನ ಕಂಬಿಗೆ ಗ್ರೀಸು ಹಚ್ಚುತ್ತಿದ್ದಳು. ನಾನು ಮರದ ಕಾಲು ಬಿಚ್ಚಿಟ್ಟು ಸ್ಟೂಲಿನ ಮೇಲೆ ಕೂತು ವಾಲ್ವು ಉಜ್ಜುತ್ತಿದ್ದೆ. ನೆಲ ನೆನೆದಿತ್ತು. ಒಂದು ಇಟ್ಟಿಗೆ ಪುಡಿಯಾಯಿತು. ಕಾರು ದಢಕ್ಕನೆ ಒಂದು ಪಕ್ಕಕ್ಕೆ ಕೂತಿತು.

ನಾನು ಅವಳ ಹೆಸರು ಕೂಗಿದೆ. ಎದ್ದೆ, ಬಿದ್ದೆ. ಆಮೇಲೆ ಕೆಳಗಿನಿಂದ, "ಅಪ್ಪಾ, ನನಗೇನೂ ಆಗಿಲ್ಲ. ಆದ್ರೆ ತಲೆ ಎತ್ತಕ್ಕಾಗ್ತಿಲ್ಲ" ಅಂದಳು. ಕಾರಿನ ಚೌಕಟ್ಟು ಆ ಮಲಗಿಸಿದ್ದ ಚಕ್ರದ ಮೇಲೆ ನಿಂತಿತ್ತು. ಚಕ್ರಕ್ಕೂ ಚೌಕಟ್ಟಿಗೂ ನಡುವೆ ಅವಳ ಜಡೆ ಸಿಕ್ಕಿಕೊಂಡಿತ್ತು. ಮುಖಕ್ಕೂ ಕಬ್ಬಿಣಕ್ಕೂ ನಡುವೆ ಒಂದು ಗೇಣೂ ಇರಲಿಲ್ಲ. ಜ್ಯಾಕು ಕೊಟ್ಟಿಗೆಯ ಆಚೆ ಮೂಲೆಯಲ್ಲಿತ್ತು. ನಾನು ತೆವಳಿಕೊಂಡು ಅದರ ಕಡೆ ಹೋಗುತ್ತಾ ಕೂಗಿಕೊಳ್ಳುತ್ತಿದ್ದೆ.

ಹೆಂಡತಿ ಓಡಿಬಂದಳು. ಒಂದು ಸಲ ಬಗ್ಗಿ ನೋಡಿದಳು. ಕಾರು ಇನ್ನೂ ಮೆಲ್ಲಗೆ ಕಿರಗುಟ್ಟುತ್ತಿತ್ತು. ಎದ್ದು ಮನೆಯೊಳಗೆ ಹೋದಳು. ಯಾಕೆ ಹೋದಳು ಎಂದು ನನಗೆ ಅರ್ಥವಾಗಲಿಲ್ಲ. ತಿರುಗಿ ಬಂದಾಗ ಅವಳ ಕೈಯಲ್ಲಿ ಬಟ್ಟೆ ಹೊಲಿಯುವ ದೊಡ್ಡ ಕತ್ತರಿ ಇತ್ತು. ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಹೊಟ್ಟೆಯ ಮೇಲೆ ಮಲಗಿ, ಅರ್ಧ ದೇಹ ಕಾರಿನಡಿಗೆ ತೂರಿಸಿ, ಮಗಳ ಜಡೆಯನ್ನು ಕುತ್ತಿಗೆಯ ಹತ್ತಿರಕ್ಕೇ ಕತ್ತರಿಸಿದಳು. ಆ ಜಡೆ ಹೆಂಡತಿಯೇ ಹರಳೆಣ್ಣೆ ಹಚ್ಚಿ, ಸೀಗೆಪುಡಿ ಹಾಕಿ ಬೆಳೆಸಿದ್ದು. ಆಮೇಲೆ ಮಗಳ ಎರಡು ಕಂಕುಳಿಗೂ ಕೈ ಹಾಕಿ ಹೊರಗೆ ಎಳೆದಳು.

ಮೂವರೂ ಕೊಟ್ಟಿಗೆಯ ನೆಲದ ಮೇಲೆ ಕೂತೆವು. ಮಗಳು ಕುತ್ತಿಗೆಯ ಹಿಂದೆ ಕೈ ಆಡಿಸಿ ನೋಡಿಕೊಂಡಳು. ಆಗ ಅಳಲು ಶುರುಮಾಡಿದಳು. ಹೆಂಡತಿ ಅಳಲಿಲ್ಲ, ನನ್ನನ್ನು ಬೈಯಲೂ ಇಲ್ಲ. ಇವತ್ತಿಗೆ ಕಾರಿನ ಕಥೆ ಮುಗಿಯಿತು, ನಾಳೆ ಗುಜರಿಯವನಿಗೆ ಹೇಳಿ ಕಳಿಸಬೇಕು ಎಂದು ನಾನು ಮನಸ್ಸಿನಲ್ಲೇ ತೀರ್ಮಾನಿಸಿದ್ದೆ. ಬಾಯಿಬಿಟ್ಟು ಹೇಳಿಯೂಬಿಟ್ಟೆ.

ಹೆಂಡತಿ ಕಾರಿನಡಿ ನೋಡುತ್ತಾ, "ಇಟ್ಟಿಗೆ ಮೇಲೆ ಯಾರಾದ್ರೂ ಗಾಡಿ ನಿಲ್ಲಿಸ್ತಾರೇನ್ರೀ? ನಮ್ಮಪ್ಪ ಎತ್ತಿನ ಗಾಡಿ ಚಕ್ರ ಬಿಚ್ಚೋವಾಗ್ಲೂ ಮರದ ದಿಮ್ಮಿ ಕೊಡ್ತಿದ್ರು. ನಾಳೆ ಸಾಮಿಲ್ಲಿಂದ ನಾಲ್ಕು ದಿಮ್ಮಿ ತರಿಸಿ" ಅಂದಳು.

"ಅಂದ್ರೆ, ಇನ್ನೂ ಮಾಡೋದಾ?" ಅಂದೆ.

"ಕೂದಲು ಕೊಟ್ಟಾಯ್ತಲ್ಲ, ಇನ್ನು ಅರ್ಧಕ್ಕೆ ಬಿಟ್ರೆ ಯಾರಿಗೇನು ಬಂತು?"

ದಿಮ್ಮಿಗಳು ಬಂದವು. ಹೆಂಡತಿ ಅವುಗಳ ಮೇಲೆ ತಾನೇ ಹತ್ತಿ ಕುಣಿದು ನೋಡಿ ಆಮೇಲೆ ಮಗಳನ್ನು ಕೆಳಗೆ ಬಿಟ್ಟಳು. ಅಂದಿನಿಂದ ಮಗಳು ಕಾರಿನಡಿ ಇರುವಷ್ಟು ಹೊತ್ತೂ ಅವಳು ಕೊಟ್ಟಿಗೆಯಲ್ಲೇ ಇರುತ್ತಿದ್ದಳು. ಸುಮ್ಮನೆ ಕೂರುವ ಸ್ವಭಾವದವಳಲ್ಲ. ಹೊಲಿಗೆ ಮೆಷಿನ್ನನ್ನು ಅಲ್ಲಿಗೇ ಹೊರಿಸಿಕೊಂಡು ಬಂದು, ಸೀಟುಗಳಿಗೆ ತೆಂಗಿನ ನಾರು ತುಂಬಿ, ಮೇಲೆ ದಪ್ಪ ಬಟ್ಟೆ ಹಾಕಿ ಹೊಲಿದಳು. ಕಾರಿನ ಮೇಲುಹೊದಿಕೆ ಹರಿದುಹೋಗಿತ್ತು. ಕ್ಯಾನ್ವಾಸು ತಂದು ಕೊಟ್ಟರೆ ಅಳತೆ ಹಿಡಿದು ಅದನ್ನೂ ಹೊಲಿದಳು. ಮೆಷಿನ್ನಿಗೆ ಎರಡು ಸೂಜಿ ಮುರಿದವು. ಮಗಳ ಗಿಡ್ಡ ಕೂದಲನ್ನು ನೋಡಿ ನೆಂಟರು, ಅಕ್ಕಪಕ್ಕದವರು ಕೇಳಿದರೆ, ಜ್ವರ ಬಂದಿತ್ತು ಅನ್ನುತ್ತಿದ್ದಳು.

ಹಿಂಭಾಗದಲ್ಲಿ ಇದ್ದಿಲಿನ ಡಬ್ಬ ಕೂರಿಸಿದ್ದ ಜಾಗಕ್ಕೆ ತಗಡು ಬೇಕಿತ್ತು. ಮಂಡಿ ಮೊಹಲ್ಲಾದಲ್ಲಿ ಟ್ರಂಕು ಮಾಡುವವರೊಬ್ಬರು ಬಗ್ಗಿಸಿ ಕೊಟ್ಟರು. ಕಿಟಕಿಗೆ ಹೊಡೆಯುವ ಹಸಿರು ಬಣ್ಣವನ್ನು ಬ್ರಷ್ಷಿನಲ್ಲೇ ಬಳಿದೆವು. ಹತ್ತಿರದಿಂದ ನೋಡಿದರೆ ಬ್ರಷ್ಷಿನ ಗೆರೆಗಳು ಕಾಣುತ್ತಿದ್ದವು. ಬೀದಿಯಿಂದ ನೋಡಿದರೆ ಪರವಾಗಿಲ್ಲ.

ಚಳಿ ಶುರುವಾಗುವ ಹೊತ್ತಿಗೆ ಎಂಜಿನ್ ಸ್ಟಾರ್ಟಾಯಿತು. ಮಗಳು ಹ್ಯಾಂಡಲು ಹೊಡೆದಳು, ನಾನು ಒಳಗೆ ಕೂತಿದ್ದೆ. ಮೊದಲು ಕೆಮ್ಮಿತು, ಹೊಗೆ ಉಗುಳಿತು, ಆಮೇಲೆ ನಿಂತಲ್ಲೇ ನಡುಗುತ್ತಾ ಓಡಲು ಶುರುವಾಯಿತು. ಕೊಟ್ಟಿಗೆಯ ಹೆಂಚಿನ ಮೇಲಿದ್ದ ಪಾರಿವಾಳಗಳೆಲ್ಲಾ ಹಾರಿಹೋದವು.

ಇನ್ನು ಮುಖ್ಯವಾದ ತೊಡಕು ಉಳಿದಿತ್ತು. ಕಾರಿಗೆ ಮೂರು ಪೆಡಲು: ಎಡಕ್ಕೆ ಕ್ಲಚ್ಚು, ನಡುವೆ ಬ್ರೇಕು, ಬಲಕ್ಕೆ ಆಕ್ಸಿಲರೇಟರು. ಬಲಗಾಲು ಬ್ರೇಕು, ಆಕ್ಸಿಲರೇಟರುಗಳನ್ನು ನೋಡಿಕೊಳ್ಳುತ್ತದೆ. ಕ್ಲಚ್ಚನ್ನು ಎಡಗಾಲಿನಲ್ಲಿ ತುಳಿಯಬೇಕು, ಮೆಲ್ಲಗೆ ಬಿಡಬೇಕು. ನನ್ನ ಮರದ ಕಾಲು ತುಳಿಯುತ್ತಿತ್ತು, ಆದರೆ ಎಷ್ಟು ತುಳಿದೆ, ಎಷ್ಟು ಬಿಟ್ಟೆ ಎಂದು ಅದಕ್ಕೆ ತಿಳಿಯುತ್ತಿರಲಿಲ್ಲ. ಕಾರು ಕಪ್ಪೆಯ ಹಾಗೆ ಕುಪ್ಪಳಿಸಿ ನಿಂತುಬಿಡುತ್ತಿತ್ತು.

ಮೊದಲು ಮಗಳೇ ನನ್ನ ಎಡಗಾಲಾದಳು. ನನ್ನ ಕಾಲಿನ ಪಕ್ಕದಲ್ಲಿ, ಕಾರಿನ ನೆಲದ ಮೇಲೆ ಮುದುಡಿ ಕೂತು, ಕ್ಲಚ್ಚನ್ನು ಎರಡು ಕೈಯಲ್ಲಿ ಒತ್ತುವುದು, ಬಿಡುವುದು. ಒಂಟಿಕೊಪ್ಪಲಿನ ಆಚೆ ಇನ್ನೂ ಮನೆಗಳು ಬರದ ಹೊಸ ಬಡಾವಣೆಯ ರಸ್ತೆಗಳಿದ್ದವು. ಅಲ್ಲಿ ನಾವು ಹೀಗೆ ಓಡಿಸುತ್ತಿದ್ದೆವು. ನಾನು "ಒತ್ತು! ಬಿಡು! ಮೆಲ್ಲಗೆ, ಮೆಲ್ಲಗೆ! ಅಯ್ಯೋ, ಒತ್ತೇ!" ಎಂದು ಕಿರುಚುತ್ತಿದ್ದೆ. ಹೊರಗಿನವರಿಗೆ ಮಗಳು ಕಾಣುತ್ತಿರಲಿಲ್ಲ. ಮೇಷ್ಟ್ರು ಒಬ್ಬರೇ ಕೂತು ತಮ್ಮನ್ನು ತಾವೇ ಬೈದುಕೊಂಡು ಕಾರು ಓಡಿಸುತ್ತಾರೆ ಎಂದು ನಮ್ಮ ಸ್ಕೂಲಿನವರೆಗೂ ಸುದ್ದಿ ಹೋಯಿತು. ಹೆಡ್ಮಾಸ್ಟರು ಕರೆದು, "ಮನಸ್ಸಿಗೆ ಏನಾದ್ರೂ ಬೇಜಾರಾ?" ಎಂದು ಮೃದುವಾಗಿ ವಿಚಾರಿಸಿದರು.

ಹೀಗೆ ಎಷ್ಟು ದಿನ ನಡೆದೀತು? ನಾನು ಒಂದು ಉಪಾಯ ಮಾಡಿದೆ. ಬಲಗಡೆ ಬಾಗಿಲಿನ ಪಕ್ಕಕ್ಕೆ ಒಂದು ಕಬ್ಬಿಣದ ಸನ್ನೆಗೋಲು ನಿಲ್ಲಿಸಿ, ಅದನ್ನು ಕ್ಲಚ್ಚಿಗೆ ಕಂಬಿಯಿಂದ ಜೋಡಿಸಿದೆ. ಬಲಗೈಯಲ್ಲಿ ಸನ್ನೆ ಎಳೆದರೆ ಕ್ಲಚ್ಚು ಒತ್ತಿಕೊಳ್ಳುತ್ತದೆ, ಎಡಗೈಯಲ್ಲಿ ಗೇರು ಹಾಕಬಹುದು. ಕಾಗದದ ಮೇಲೆ ಬರೆದು, ಸನ್ನೆಯ ಉದ್ದ ಎಷ್ಟಿದ್ದರೆ ಎಷ್ಟು ಬಲ ಸಾಕು ಎಂದು ಲೆಕ್ಕ ಹಾಕಿ, ಬೆಸುಗೆ ಹಾಕಿಸಿ ತಂದೆ. ಲೆಕ್ಕ ಸರಿಯಾಗಿಯೇ ಇತ್ತು. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಟೆ. ಗೇರು ಬದಲಿಸುವ ಹೊತ್ತು ಬಂತು. ಬಲಗೈ ಸನ್ನೆಯ ಮೇಲೆ, ಎಡಗೈ ಗೇರಿನ ಮೇಲೆ. ಆಗ ಮಗಳು ಕೇಳಿದಳು: "ಅಪ್ಪಾ, ಸ್ಟಿಯರಿಂಗ್ ಯಾರ ಕೈಲಿದೆ?"

ಯಾರ ಕೈಯಲ್ಲೂ ಇರಲಿಲ್ಲ. ಕಾರು ನೆಟ್ಟಗೆ ಹೋಗಿ ಕಳ್ಳಿ ಬೇಲಿಯೊಳಗೆ ಮೂತಿ ತೂರಿಸಿ ನಿಂತಿತು. ನಮಗೆ ಪೆಟ್ಟಾಗಲಿಲ್ಲ. ಹೊಸ ಹಸಿರು ಬಣ್ಣದ ಮೇಲೆ ಕಳ್ಳಿಹಾಲಿನ ಕಲೆ ಆಯಿತು. ಅದು ಕೊನೆಯವರೆಗೂ ಹೋಗಲಿಲ್ಲ.

ಎರಡು ದಿನ ನಾನು ಕೊಟ್ಟಿಗೆಗೆ ಹೋಗಲಿಲ್ಲ. ಮೂರನೆಯ ದಿನ ಮಗಳು ಕರೆದಳು. ಸ್ಟಿಯರಿಂಗ್ ಚಕ್ರದ ನಡುವೆ ಬೆರಳುದ್ದದ ಒಂದು ಕಡ್ಡಿ ಇತ್ತು. ಅದು ಯಾವುದಕ್ಕೂ ಜೋಡಣೆಯಾಗದೆ ಹಾಗೇ ತಿರುಗುತ್ತಿತ್ತು. "ಇದು ಯಾತಕ್ಕೆ?" ಅಂದಳು.

"ಚಳಿ ದೇಶದಲ್ಲಿ ಎಂಜಿನ್ ಬಿಸಿಯಾಗೋವರೆಗೂ ಸ್ವಲ್ಪ ಜೋರಾಗಿ ಓಡಲಿ ಅಂತ ಇಟ್ಟಿರ್ತಾರೆ. ಆಕ್ಸಿಲರೇಟರು ಒತ್ತೋ ಕೆಲಸಾನೇ, ಕೈಯಲ್ಲಿ. ನಮಗೆ ಬೇಕಿಲ್ಲ."

"ನಮಗೇ ಬೇಕಾಗಿರೋದು. ಎಡಗಾಲಿನ ಕೆಲಸ ಕೈಗೆ ಕೊಡಬೇಕು ಅಂತ ನೀವು ಯಾಕೆ ಹಟ ಹಿಡಿದಿದೀರಿ? ಎಡಗಾಲಿಂದು ಬಲಗಾಲಿಗೆ ಕೊಡಿ. ಬಲಗಾಲಿಂದು ಕೈಗೆ ಕೊಡಿ."

ಅವಳು ನೆಲದ ಮೇಲೆ ಇದ್ದಿಲಿನಲ್ಲಿ ಬರೆದು ತೋರಿಸಿದಳು. ಆಕ್ಸಿಲರೇಟರ್ ಪೆಡಲನ್ನು ತೆಗೆದುಬಿಡುವುದು, ಆ ಕೆಲಸ ಈ ಕಡ್ಡಿಗೆ. ಸ್ಟಿಯರಿಂಗ್ ಹಿಡಿದ ಬಲಗೈ ಹೆಬ್ಬೆರಳಿನಲ್ಲೇ ಅದನ್ನು ಆಡಿಸಬಹುದು, ಕೈ ತೆಗೆಯುವ ಹಾಗೇ ಇಲ್ಲ. ಬಿಡುವಾದ ಬಲಗಾಲಿಗೆ ಕ್ಲಚ್ಚು. ಕ್ಲಚ್ಚಿನ ತುದಿಗೆ ಪಟ್ಟಿ ಬೆಸೆದು ಬ್ರೇಕಿನ ಪಕ್ಕಕ್ಕೆ, ಎರಡು ಬೆರಳು ಅಂತರಕ್ಕೆ ತರುವುದು. ಪಾದ ಸ್ವಲ್ಪ ಓರೆ ಮಾಡಿದರೆ ಎರಡನ್ನೂ ಒಟ್ಟಿಗೆ ತುಳಿಯಬಹುದು, ನೆಟ್ಟಗಿಟ್ಟರೆ ಒಂದನ್ನೇ. ಎಡಗೈ ಗೇರಿಗೆ ಬಿಡುವಾಗಿ ಉಳಿಯುತ್ತದೆ.

ನಾನು ತಪ್ಪು ಹುಡುಕಲು ನೋಡಿದೆ, ಅಭ್ಯಾಸಬಲ. ಒಂದೇ ಒಂದು ಸಿಕ್ಕಿತು. ಆ ಕಡ್ಡಿ ಇಟ್ಟಲ್ಲೇ ನಿಲ್ಲುತ್ತಿತ್ತು. ನಿಲ್ಲಿಸಬೇಕಾದಾಗ ಮರೆತರೆ ಎಂಜಿನ್ ಎಳೆಯುತ್ತಲೇ ಇರುತ್ತದೆ. ಹೇಳಿದೆ. ಅವಳು ಮುರಿದ ಸೈಕಲ್ ಸೀಟಿನಿಂದ ಒಂದು ಸ್ಪ್ರಿಂಗು ತಂದಳು. ಬೆರಳು ತೆಗೆದರೆ ಕಡ್ಡಿ ತಾನಾಗಿ ಹಿಂದಕ್ಕೆ ಬರುವ ಹಾಗಾಯಿತು. ಆ ಸ್ಪ್ರಿಂಗು ಬಿಗಿಯಾಗಿತ್ತು, ಮುಂದೆ ಕಾರಿನಲ್ಲಿ ಸ್ಕೂಲಿಗೆ ಹೋಗುವಾಗ, ತಲುಪುವಷ್ಟರಲ್ಲಿ ಹೆಬ್ಬೆರಳು ನೋಯುತ್ತಿತ್ತು. ಎರಡು ತಿಂಗಳಾದ ಮೇಲೆ ನೋವು ಹೋಯಿತು.

ಮತ್ತೆ ಆ ಬಡಾವಣೆಯ ರಸ್ತೆಗಳಿಗೆ ಹೋದೆವು. ಈ ಸಲ ಅವಳು ಪಕ್ಕದ ಸೀಟಿನಲ್ಲಿ ನೆಟ್ಟಗೆ ಕೂತಿದ್ದಳು. ಕಾರು ಕುಪ್ಪಳಿಸದೆ ಹೊರಟಿತು. ಗೇರು ಬದಲಾಯಿತು. ರಸ್ತೆಯ ತುದಿಗೆ ಹೋಗಿ ತಿರುಗಿಸಿಕೊಂಡು ಬಂದೆ. ಇನ್ನೊಂದು ಸುತ್ತು ಹೊಡೆದೆ. ಗಾಳಿ ಮುಖಕ್ಕೆ ಬಡಿಯುತ್ತಿತ್ತು. ಸೈಕಲ್ ಬಿಟ್ಟ ಮೇಲೆ ಅಂಥ ಗಾಳಿಯನ್ನು ನಾನು ಮರೆತೇಬಿಟ್ಟಿದ್ದೆ.

ಲೈಸೆನ್ಸಿನ ಪರೀಕ್ಷೆಗೆ ಬಂದ ಮೋಟಾರು ಇನ್ಸ್‌ಪೆಕ್ಟರು ವಯಸ್ಸಾದವರು. ನಾನು ಕಾರಿನಿಂದ ಇಳಿದದ್ದನ್ನು ನೋಡಿಯೇ, "ಕ್ಷಮಿಸಿ ಮೇಷ್ಟ್ರೇ. ಇದನ್ನ ನಾನು ಎಂಗೆ ಪಾಸು ಮಾಡ್ಲಿ? ನಾಳೆ ಏನಾದ್ರೂ ಆದ್ರೆ ನನ್ನನ್ನ ಕೇಳ್ತಾರೆ" ಅಂದರು. ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ನಾನು ವಾದ ಮಾಡಲಿಲ್ಲ. "ಒಂದು ಸಲ ಕೂತು ನೋಡಿ, ಆಮೇಲೆ ಬೇಡ ಅಂದ್ರೆ ಬೇಡ" ಅಂದೆ.

ಕೂತರು. ಊರೊಳಗೆ ಸುತ್ತಿಸಿದರು. ಜಟಕಾಗಳ ನಡುವೆ, ಸಂತೆಯ ದಿನದ ಗಾಡಿಗಳ ನಡುವೆ ನಿಲ್ಲಿಸಿ ಹೊರಡಿಸಿದರು. ಆಮೇಲೆ ಚಾಮುಂಡಿ ಬೆಟ್ಟದ ರಸ್ತೆಗೆ ತಿರುಗಿಸಿ ಅಂದರು. ಕಡಿದಾದ ಏರಿನ ಮಧ್ಯೆ, "ನಿಲ್ಲಿಸಿ" ಅಂದರು. ನಿಲ್ಲಿಸಿದೆ. "ಈಗ ಹೊರಡಿ. ಒಂದು ಗೇಣು ಹಿಂದಕ್ಕೆ ಬಂದ್ರೂ ಇಲ್ಲಿಗೇ ಮುಗೀತು."

ಏರಿನಲ್ಲಿ ಹೊರಡುವುದು ಎರಡು ಕಾಲಿನವರಿಗೇ ಕಷ್ಟ. ಬ್ರೇಕಿನ ಮೇಲಿರುವ ಕಾಲನ್ನು ತೆಗೆದು ಆಕ್ಸಿಲರೇಟರಿಗೆ ಇಡುವಷ್ಟರಲ್ಲಿ ಗಾಡಿ ಜಾರುತ್ತದೆ. ನನಗೆ ಆ ತೊಂದರೆಯೇ ಇರಲಿಲ್ಲ. ಎಡಗೈಯಲ್ಲಿ ಹ್ಯಾಂಡ್ ಬ್ರೇಕು, ಬಲಗಾಲು ಕ್ಲಚ್ಚಿನ ಮೇಲೆ, ಹೆಬ್ಬೆರಳು ಕಡ್ಡಿಯ ಮೇಲೆ. ಎಂಜಿನ್ನಿನ ಸದ್ದು ಕೇಳಿಕೊಂಡು, ಕಡ್ಡಿ ಒತ್ತಿ ಹಿಡಿದು, ಕ್ಲಚ್ಚು, ಹ್ಯಾಂಡ್ ಬ್ರೇಕು ಎರಡನ್ನೂ ಒಟ್ಟಿಗೆ ಬಿಟ್ಟೆ. ಕಾರು ಹಿಂದಕ್ಕೆ ಕದಲದೆ ಮೇಲಕ್ಕೆ ಹೊರಟಿತು. ಇನ್ಸ್‌ಪೆಕ್ಟರು ಬಗ್ಗಿ ನನ್ನ ಕಾಲಿನ ಹತ್ತಿರ ನೋಡಿದರು. "ಇನ್ನೊಂದು ಸಲ ಮಾಡಿ" ಅಂದರು. ಮಾಡಿದೆ. ಈ ಸಲ ಅವರು ಪರೀಕ್ಷೆ ಮಾಡಲಿಲ್ಲ, ಹೇಗೆ ಮಾಡುತ್ತೇನೆ ಎಂದು ನೋಡಿದರು, ಅಷ್ಟೇ.

ಕೆಳಗೆ ಇಳಿದ ಮೇಲೆ, "ಯಾವ ಗ್ಯಾರೇಜಿನಲ್ಲಿ ಮಾಡಿಸಿದ್ದು?" ಅಂದರು.

"ಮನೇಲೇ. ನನ್ನ ಮಗಳು ಮಾಡಿದ್ದು."

ಅವರು ನಂಬಿದರೋ ಇಲ್ಲವೋ ಗೊತ್ತಿಲ್ಲ. ಈ ಒಂದು ಕಾರಿಗೆ ಮಾತ್ರ, ಬೇರೆ ಯಾವುದನ್ನೂ ಓಡಿಸುವ ಹಾಗಿಲ್ಲ ಎಂದು ಬರೆದು ಲೈಸೆನ್ಸು ಕೊಟ್ಟರು. ನನಗೆ ಬೇಕಾಗಿದ್ದದ್ದೂ ಅಷ್ಟೇ.

ಮೊದಲನೆಯ ದಿನ ಸ್ಕೂಲಿಗೆ ಹೊರಟಾಗ ಮಗಳು ಎಂದಿನ ಹಾಗೆ ನನ್ನ ಚೀಲ ತಂದಳು, ಬಾಗಿಲು ತೆಗೆದು ತಾನೂ ಹತ್ತಲು ಬಂದಳು. ನಾನು ಚೀಲವನ್ನು ಈಸಿಕೊಂಡು, "ನೀನು ಬೇಡಮ್ಮ, ನಾನೊಬ್ಬನೇ ಹೋಗಿ ಬರ್ತೀನಿ" ಅಂದೆ. ಅವಳು ಸರಿ ಎಂದು ಪಕ್ಕಕ್ಕೆ ಸರಿದು ಗೇಟು ತೆಗೆದಳು. ನನಗೆ ಆ ಬೆಳಿಗ್ಗೆ ಒಬ್ಬನೇ ಹೋಗುವುದರ ಸಂತೋಷ ಬಿಟ್ಟರೆ ಬೇರೆ ಏನೂ ತಲೆಯಲ್ಲಿರಲಿಲ್ಲ. ಸಂಜೆ ಬಂದು ನೋಡಿದರೆ ಅವಳು ಖಾಲಿ ಕೊಟ್ಟಿಗೆಯಲ್ಲಿ ದಿಮ್ಮಿಯ ಮೇಲೆ ಕೂತಿದ್ದಳು. ಸ್ಪ್ಯಾನರುಗಳನ್ನೆಲ್ಲಾ ಸೀಮೆಎಣ್ಣೆಯಲ್ಲಿ ತೊಳೆದು, ಒರೆಸಿ, ಸಾಲಾಗಿ ಜೋಡಿಸಿ ಇಟ್ಟಿದ್ದಳು. ಇನ್ನೇನು ಮಾಡಬೇಕೆಂದು ತೋಚದೆ ಕೂತಿದ್ದಳು ಎಂದು ಹೆಂಡತಿ ಹೇಳಿದಳು.

ಆ ಮಾರ್ಚಿನಲ್ಲಿ ಅವಳು ಮತ್ತೆ ಪರೀಕ್ಷೆಗೆ ಕೂತಳು. ನನ್ನ ಸಹೋದ್ಯೋಗಿಯೊಬ್ಬರ ಹತ್ತಿರ ಪಾಠಕ್ಕೆ ಹೋದಳು, ನನ್ನ ಹತ್ತಿರವಲ್ಲ. ಪಾಸಾದಳು. ಕಾರಿನಿಂದ ಅವಳಿಗೆ ಗಣಿತ ಬಂತು ಎಂದು ಹೇಳಿದರೆ ಅದು ಸುಳ್ಳಾಗುತ್ತದೆ. ಕೂದಲೆಳೆಯ ಅಂತರದಲ್ಲಿ ಪಾಸಾದಳು, ಆಮೇಲೆ ಗಣಿತದ ಪುಸ್ತಕವನ್ನು ಮುಟ್ಟಲೇ ಇಲ್ಲ. ಕಾಲೇಜಿನಲ್ಲಿ ಚರಿತ್ರೆ ತೆಗೆದುಕೊಂಡಳು.

ಕಾಲೇಜಿಗೆ ಸೇರಿದ ವರ್ಷ, ಒಂದು ಭಾನುವಾರ ಬೆಳಿಗ್ಗೆ ಹಿಂದಿನ ಬೀದಿಯ ಲಾಯರು ನಮ್ಮ ಮನೆಗೆ ಬಂದರು. ಅವರ ತಂದೆಯ ಕಾಲದ ದೊಡ್ಡ ಕಾರೊಂದು ಶೆಡ್ಡಿನಲ್ಲಿತ್ತು, ಬಹಳ ವರ್ಷಗಳಿಂದ ಹೊರಗೆ ಬಂದಿರಲಿಲ್ಲ. ನಾನು ಕುರ್ಚಿ ಹಾಕಿ, ಎಂಜಿನ್ನಿನ ಸ್ಥಿತಿ ಹೇಗಿದೆ, ಹ್ಯಾಂಡಲು ತಿರುಗುತ್ತದೆಯೇ ಎಂದು ವಿಚಾರಿಸಲು ಶುರುಮಾಡಿದೆ. ಅವರು ಸ್ವಲ್ಪ ಹೊತ್ತು ಮರ್ಯಾದೆಗೆ ಉತ್ತರ ಕೊಟ್ಟು, ಆಮೇಲೆ ಒಳಗಡೆ ಇಣುಕಿ ನೋಡಿ, "ನಿಮ್ಮ ಮಗಳು ಮನೇಲಿಲ್ವಾ ಮೇಷ್ಟ್ರೇ?" ಅಂದರು.

ಅವಳು ಹಿತ್ತಲಿನಲ್ಲಿ ತಲೆಗೆ ಎಣ್ಣೆ ಹಚ್ಚಿಸಿಕೊಳ್ಳುತ್ತಿದ್ದಳು. ಕೂದಲು ಭುಜದವರೆಗೆ ಬೆಳೆದಿತ್ತು. ಕರೆದೆ. ಕೂದಲು ಸುತ್ತಿ ಕಟ್ಟಿಕೊಳ್ಳುತ್ತಾ ಬಂದು ನಿಂತು, ಅವರು ಹೇಳುವುದನ್ನೆಲ್ಲಾ ಪೂರ್ತಿ ಕೇಳಿದಳು. ಆಮೇಲೆ, "ಮೊದಲು ಅದು ಯಾವುದರ ಮೇಲೆ ನಿಂತಿದೆ ಹೇಳಿ, ಇಟ್ಟಿಗೇನಾ, ದಿಮ್ಮೀನಾ? ನೋಡಕ್ಕೆ ಅಮ್ಮನೂ ಬರ್ತಾರೆ" ಅಂದಳು.